ನದಿಗೆ ತಕ್ಕ ನಾವೆಯೋ, ನಾವೆಗೆ ತಕ್ಕ ನದಿಯೋ: ಭಾರತದ ಒಳನಾಡು ಜಲಸಾರಿಗೆಯ ಯೋಜನೆಯಲ್ಲಿ ನಾಲ್ಕು ನೆಲೆಗಳು

2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆಯು ಭಾರತದ 111 ನದಿ, ಕಾಲುವೆ, ಹಿನ್ನೀರು ಮತ್ತು ಅಳಿವೆಗಳನ್ನು ಒಂದೇ ಪಟ್ಟಿಗೆ ಸೇರಿಸಿ, 20,000 ಕಿಲೋಮೀಟರಿಗೂ ಮಿಕ್ಕ ಜಲಹಾದಿಯನ್ನು ದೇಶದ ಸಾರಿಗೆ ಭೂಪಟದಲ್ಲಿ ಗುರುತಿಸಿತು. ಅದುವರೆಗೆ ಇಂಥ ಮಾರ್ಗಗಳು ಕೇವಲ 5 ಇದ್ದವು. ಹೊಸ ಪಟ್ಟಿಯಲ್ಲಿ ಗಂಗೆ, ಬ್ರಹ್ಮಪುತ್ರಗಳ ಜೊತೆಗೆ ಕರ್ನಾಟಕದ ಕಾಳಿ, ಶರಾವತಿ, ನೇತ್ರಾವತಿ, ಗುರುಪುರ ನದಿಗಳು ಸೇರಿದ್ದಲ್ಲದೆ, ಬೇಸಿಗೆಯಲ್ಲಿ ನೀರು ಬತ್ತಿ ಕಲ್ಲು ಮರಳು ಕಾಣುವ ಮಲಪ್ರಭಾ, ಘಟಪ್ರಭಾಗಳೂ ಸೇರಿದವು. ಸಮುದ್ರಯಾನವನ್ನು ಬಿಟ್ಟು, ನಾಡಿನೊಳಗಿನ ನೀರಿನ ಮೇಲೆ ಜನರನ್ನೂ ಸರಕನ್ನೂ ಸಾಗಿಸುವ ವ್ಯವಸ್ಥೆಗೆ ಒಳನಾಡು ಜಲಸಾರಿಗೆ ಎಂದು ಹೆಸರು. ದೇಶದ ಒಟ್ಟು ಸರಕು ಸಾಗಣೆಯಲ್ಲಿ ಇದರ ಪಾಲು ಶೇಕಡಾ 2ರ ಆಸುಪಾಸಿನಲ್ಲಿದೆ ಎಂಬುದು ಬಹುಕಾಲದಿಂದ ಉಲ್ಲೇಖವಾಗುತ್ತ ಬಂದ ಅಂದಾಜು. ಇಷ್ಟೊಂದು ನದಿಗಳಿರುವ ದೇಶದಲ್ಲಿ ಈ ಪಾಲು ಇಷ್ಟು ಸಣ್ಣದಾಗಿ ಉಳಿದದ್ದೇಕೆ, ಅದನ್ನು ಹೆಚ್ಚಿಸಬೇಕಾದರೆ ಮೊದಲು ಕೈಹಾಕಬೇಕಾದ್ದು ಯಾವುದಕ್ಕೆ, ಹೆಚ್ಚಿಸಲೇಬೇಕೆ ಎಂಬ ಪ್ರಶ್ನೆಗಳ ಸುತ್ತ ನಡೆದಿರುವ ಚರ್ಚೆಗೆ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ.

ಉಗಿಹಡಗು, ರೈಲು ಮತ್ತು ಕಾಟನ್ನನ ವಾದ

ಉಗಿಯಂತ್ರ ಬರುವ ಮೊದಲು ಗಂಗಾ ಬಯಲಿನ ಧಾನ್ಯ, ಉಪ್ಪು, ಹತ್ತಿಗಳು ಹಾಯಿದೋಣಿಗಳಲ್ಲಿ ಸಾಗುತ್ತಿದ್ದವು. ಪಶ್ಚಿಮ ಕರಾವಳಿಯಲ್ಲಿ ಗೇರುಸೊಪ್ಪೆಯ ಕಾಳುಮೆಣಸು ಶರಾವತಿಯ ಮೇಲೆ ಹೊನ್ನಾವರದ ಅಳಿವೆಗೆ ಇಳಿದು ಅಲ್ಲಿಂದ ಕಡಲು ಸೇರುತ್ತಿತ್ತು. 1834ರಲ್ಲಿ ಕಲ್ಕತ್ತೆಯಿಂದ ಅಲಹಾಬಾದಿನವರೆಗೆ ಉಗಿಹಡಗಿನ ಸೇವೆ ಆರಂಭವಾಯಿತು. ಆದರೆ ಎರಡು ಮೂರು ದಶಕಗಳೊಳಗೆ ಗಂಗೆಯ ದಂಡೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿಯೇ ರೈಲುಹಾದಿ ಹಾಸಲ್ಪಟ್ಟು, ಬೇಸಿಗೆಯಲ್ಲಿ ಮರಳುದಿಬ್ಬಗಳ ನಡುವೆ ದಾರಿ ಹುಡುಕಬೇಕಾಗಿದ್ದ ಹಡಗುಗಳು ವರ್ಷವಿಡೀ ಹೇಳಿದ ಹೊತ್ತಿಗೆ ಓಡುವ ರೈಲಿನ ಎದುರು ಮೇಲ್ಗಂಗೆಯಲ್ಲಿ ನಿಲ್ಲಲಾರದೆ ಹೋದವು. ಪೂರ್ವ ಬಂಗಾಳ ಮತ್ತು ಅಸ್ಸಾಮಿನಲ್ಲಿ ಮಾತ್ರ, ಚಹಾ ಮತ್ತು ಸೆಣಬಿನ ಬಲದ ಮೇಲೆ ಸ್ಟೀಮರ್ ಕಂಪನಿಗಳು ಇನ್ನೂ ಒಂದು ಶತಮಾನ ಬಾಳಿದವು. 1965ರ ಯುದ್ಧದಲ್ಲಿ ಪೂರ್ವ ಪಾಕಿಸ್ತಾನದ ಮೂಲಕ ಹೋಗುವ ದಾರಿ ಮುಚ್ಚಿದಾಗ ಅಲ್ಲಿಯೂ ಆ ವ್ಯವಸ್ಥೆ ಕುಸಿಯಿತು. ಬಾಂಗ್ಲಾದೇಶ ಹುಟ್ಟಿದ ಮೇಲೆ, 1972ರ ಒಪ್ಪಂದದಿಂದ ದಾರಿ ಮತ್ತೆ ತೆರೆಯಿತಾದರೂ ಹೋದ ಸರಕು ಹಿಂತಿರುಗಲಿಲ್ಲ.

ರೈಲಿನ ಈ ಗೆಲುವನ್ನು ಅಂದೇ ಪ್ರಶ್ನಿಸಿದವನು ಗೋದಾವರಿಗೆ ಧವಳೇಶ್ವರದಲ್ಲಿ ಅಣೆ ಕಟ್ಟಿಸಿದ ಎಂಜಿನಿಯರ್ ಆರ್ಥರ್ ಕಾಟನ್. ಬಡ ದೇಶಕ್ಕೆ ಬೇಕಾದ್ದು ವೇಗವಲ್ಲ, ಅಗ್ಗದ ಸಾಗಣೆ. ಒಂದೇ ಕಾಲುವೆ ಹೊಲಕ್ಕೆ ನೀರನ್ನೂ ಸಂತೆಗೆ ದಾರಿಯನ್ನೂ ಒದಗಿಸಬಲ್ಲದು. ರೈಲಿಗೆ ಸುರಿದ ಹಣ ಕಾಲುವೆಗೆ ಸಂದಿದ್ದರೆ ಕ್ಷಾಮಗಳು ಇಷ್ಟು ಜನರನ್ನು ಬಲಿ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಅವನು 1870ರ ದಶಕದಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆಯೂ ವಾದಿಸಿದ. ಗೋದಾವರಿ ಮುಖಜಭೂಮಿಯ ಕಾಲುವೆಗಳಲ್ಲಿ ದೋಣಿಗಳು ದಟ್ಟವಾಗಿ ಓಡಿ ಈ ವಾದಕ್ಕೆ ಸಾಕ್ಷಿಯಾದವು. ಆದರೆ ತುಂಗಭದ್ರೆಯ ಸುಂಕೇಸುಲ ಅಣೆಯಿಂದ ಕರ್ನೂಲು, ಕಡಪಗಳತ್ತ ಖಾಸಗಿ ಕಂಪನಿಯೊಂದು 1860ರ ದಶಕದಲ್ಲಿ ತೋಡಿಸಿದ, ನೀರಾವರಿ ಮತ್ತು ದೋಣಿ ಸಂಚಾರ ಎರಡಕ್ಕೂ ಉದ್ದೇಶಿಸಿದ್ದ ಕಾಲುವೆಯು ನಷ್ಟದಲ್ಲಿ ಮುಳುಗಿ, 1882ರಲ್ಲಿ ಅದನ್ನು ಸರ್ಕಾರವೇ ಕೊಳ್ಳಬೇಕಾಯಿತು. ನೀರಾವರಿ ಕಾಲುವೆಗೆ ಇಳಿಜಾರು ಬೇಕು, ದೋಣಿಗೆ ಹೆಚ್ಚುಕಡಿಮೆ ನಿಂತ ನೀರು ಬೇಕು. ನೀರಾವರಿಗೆ ಬೆಳೆಯ ಕಾಲದಲ್ಲಿ ನೀರು ಬಿಟ್ಟು ಉಳಿದ ಕಾಲದಲ್ಲಿ ಮುಚ್ಚುವ ಅನುಕೂಲ ಬೇಕು, ದೋಣಿಗೆ ವರ್ಷವಿಡೀ ಒಂದೇ ಮಟ್ಟ ಬೇಕು. ಒಂದೇ ನೀರಿನ ಮೇಲೆ ಎರಡು ಬೇಡಿಕೆಗಳು ಹೀಗೆ ಎದುರುಬದುರಾಗುವುದನ್ನು ಕಾಟನ್ನನ ವಾದ ಸಾಕಷ್ಟು ಗಣನೆಗೆ ತೆಗೆದುಕೊಂಡಿರಲಿಲ್ಲ, ಮತ್ತು ಆ ಬಿಕ್ಕಟ್ಟು ಇಂದಿನ ಯೋಜನೆಗಳಲ್ಲಿಯೂ ಹಾಗೆಯೇ ಇದೆ.

ಸ್ವಾತಂತ್ರ್ಯಾನಂತರ 1952ರಲ್ಲಿ ಗಂಗಾ–ಬ್ರಹ್ಮಪುತ್ರ ಜಲಸಾರಿಗೆ ಮಂಡಳಿ, 1967ರಲ್ಲಿ ಕೇಂದ್ರದ ಜಲಸಾರಿಗೆ ನಿಗಮ, ನಡುನಡುವೆ ಹಲವು ತಜ್ಞ ಸಮಿತಿಗಳು, ಕೊನೆಗೆ 1986ರಲ್ಲಿ ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರ ರೂಪುಗೊಂಡವು. ಸಮಿತಿಗಳು ಶಿಫಾರಸು ಮಾಡುತ್ತಿದ್ದ ಅದೇ ದಶಕಗಳಲ್ಲಿ ನದಿಗಳ ಮೇಲೆ ದೋಣಿ ದಾಟಲು ದಾರಿಯಿಲ್ಲದ ಅಣೆಕಟ್ಟುಗಳೂ, ಕೆಳಗೆ ಹಡಗು ನುಸುಳಲಾಗದಷ್ಟು ತಗ್ಗಿನ ಸೇತುವೆಗಳೂ ಏಳುತ್ತಿದ್ದವು. ಜಲಸಾರಿಗೆಯ ಅವನತಿಗೆ ರೈಲನ್ನಷ್ಟೇ ಹೊಣೆ ಮಾಡುವ ರೂಢಿಯ ವಿವರಣೆ ಈ ಕಾರಣಕ್ಕೆ ಅಪೂರ್ಣವಾದದ್ದು.

ಆಳವೇ ಮೊದಲೆಂಬ ನೆಲೆ

ಜಲಸಾರಿಗೆ ಬೆಳೆಯದಿರುವುದಕ್ಕೆ ಮೂಲ ಕಾರಣ ಭರವಸೆಯ ಆಳದ ಕೊರತೆ ಎಂಬುದು ಎಂಜಿನಿಯರಿಂಗ್ ದೃಷ್ಟಿಯವರ ನಿಲುವು. ಅವರ ಪರಿಭಾಷೆಯಲ್ಲಿ ಮುಖ್ಯವಾದದ್ದು ಕನಿಷ್ಠ ಲಭ್ಯ ಆಳ, ಅಂದರೆ ವರ್ಷದ ಸುಮಾರು 330 ದಿನ ಹಡಗುಹಾದಿಯ ಯಾವ ಭಾಗದಲ್ಲಿಯೂ ಇದಕ್ಕಿಂತ ಕಡಿಮೆಯಾಗದು ಎಂದು ನಾವಿಕರಿಗೆ ಖಾತರಿ ನೀಡಬಹುದಾದ ನೀರಿನ ಮಟ್ಟ. ದಾರಿಯಲ್ಲಿ 100 ಕಿಲೋಮೀಟರ್ ಆಳವಿದ್ದು ಒಂದೇ ಒಂದು ಕಡೆ ಮರಳು ಅಡ್ಡ ಬಂದರೂ ಹಡಗು ಹೊರುವ ಭಾರವನ್ನು ಆ ಒಂದು ಜಾಗವೇ ನಿರ್ಧರಿಸುತ್ತದೆ. 2,000 ಟನ್ ಹೊರುವ ಒಂದು ಬಾರ್ಜ್, ಅಂದರೆ ಅಗಲ ತಳದ ಸರಕುದೋಣಿ, 10 ಟನ್ನಿನ 200 ಲಾರಿಗಳಿಗೆ ಸಮ. ಆದರೆ ಅರ್ಧ ತುಂಬಿ ಓಡಬೇಕಾದರೆ ಆ ಲಾಭವೂ ಅರ್ಧವಾಗುತ್ತದೆ.

ಈ ನೆಲೆಯ ಅತಿ ದೊಡ್ಡ ಪ್ರಯೋಗ ಗಂಗೆಯ ಜಲ ಮಾರ್ಗ ವಿಕಾಸ ಯೋಜನೆ. 1 ಸಂಖ್ಯೆಯ ರಾಷ್ಟ್ರೀಯ ಜಲಮಾರ್ಗವೆಂದು 1986ರಲ್ಲಿಯೇ ಘೋಷಿತವಾಗಿದ್ದ, ಅಲಹಾಬಾದಿನಿಂದ ಹಲ್ದಿಯಾದವರೆಗಿನ 1,620 ಕಿಲೋಮೀಟರ್ ದಾರಿಯಲ್ಲಿ ವಾರಾಣಸಿಯಿಂದ ಕೆಳಗಿನ ಭಾಗವನ್ನು ದೊಡ್ಡ ಹಡಗುಗಳಿಗೆ ಸಜ್ಜುಗೊಳಿಸಲು, ವಿಶ್ವ ಬ್ಯಾಂಕಿನ 37.5 ಕೋಟಿ ಡಾಲರ್ ಸಾಲದ ನೆರವಿನೊಂದಿಗೆ, 5,369 ಕೋಟಿ ರೂಪಾಯಿಯ ಈ ಯೋಜನೆಗೆ 2018ರ ಜನವರಿಯಲ್ಲಿ ಕೇಂದ್ರ ಸಂಪುಟ ಸಮಿತಿ ಒಪ್ಪಿಗೆ ನೀಡಿತು. ಹಲ್ದಿಯಾದಿಂದ ಬಿಹಾರದ ಬಾಢ್‌ವರೆಗೆ 3 ಮೀಟರ್, ಅಲ್ಲಿಂದ ಘಾಜಿಪುರದವರೆಗೆ 2.5 ಮೀಟರ್, ಮುಂದೆ ವಾರಾಣಸಿಯವರೆಗೆ 2.2 ಮೀಟರ್ ಆಳದ, 45 ಮೀಟರ್ ಅಗಲದ ಹಡಗುಹಾದಿಯನ್ನು ಕಾಪಾಡುವುದು ಗುರಿ. ವಾರಾಣಸಿ, ಸಾಹೇಬಗಂಜ್, ಹಲ್ದಿಯಾಗಳಲ್ಲಿ ರಸ್ತೆ, ರೈಲು, ನೀರು ಮೂರೂ ಕೂಡುವ ಧಕ್ಕೆಗಳೂ, ಫರಕ್ಕಾದಲ್ಲಿ ಹೊಸ ಲಾಕ್, ಅಂದರೆ ಎರಡು ಮಟ್ಟದ ನೀರಿನ ನಡುವೆ ಹಡಗನ್ನು ಏರಿಸಿ ಇಳಿಸುವ ಬಾಗಿಲುಕಟ್ಟೆಯೂ ಯೋಜನೆಯ ಭಾಗ.

ಯುರೋಪಿನ ರೈನ್, ಅಮೆರಿಕದ ಮಿಸಿಸಿಪ್ಪಿಗಳು ಇಂಥ ಹೂಡಿಕೆಯಿಂದಲೇ ಸರಕುಹಾದಿಗಳಾದವು ಎಂಬ ವಾದಕ್ಕೆ ತೂಕವಿದೆ. ಆದರೆ ಹೋಲಿಕೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ನೋಡಬೇಕು. ಗಂಗೆ ತನ್ನ ವರ್ಷದ ಹರಿವಿನ ಬಹುಪಾಲನ್ನು ಮಳೆಗಾಲದ ನಾಲ್ಕು ತಿಂಗಳಲ್ಲಿ ಹರಿಸುತ್ತದೆ, ಹಿಮಾಲಯದಿಂದ ಅಪಾರ ಹೂಳನ್ನು ಹೊತ್ತು ತರುತ್ತದೆ, ಮತ್ತು ಪ್ರತಿ ಮಳೆಗಾಲದ ನಂತರ ತನ್ನ ಆಳದ ಜಾಡನ್ನೇ ಬದಲಿಸಿಕೊಳ್ಳಬಲ್ಲದು. ಹೀಗಿರುವಾಗ ಹೂಳೆತ್ತುವಿಕೆ ಒಮ್ಮೆ ಮಾಡಿ ಮುಗಿಸುವ ನಿರ್ಮಾಣವಲ್ಲ, ಪ್ರತಿ ವರ್ಷ ಮರುಕಳಿಸುವ ಖರ್ಚು. ಯೋಜನೆಗಳಲ್ಲಿ ಅದನ್ನು ಬಂಡವಾಳದ ಲೆಕ್ಕದಲ್ಲಿ ತೋರಿಸಿದಾಗ ಜಲಮಾರ್ಗ ವಾಸ್ತವಕ್ಕಿಂತ ಅಗ್ಗವಾಗಿ ಕಾಣುತ್ತದೆ. ಬಂಗಾಳ, ಅಸ್ಸಾಮುಗಳ ನದಿಗಳಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವ ಬಂಡಾಲ್ ಎಂಬ ಬಿದಿರು ತಟ್ಟಿಗಳ ಸಾಲು, ಹರಿವನ್ನು ಒಂದೆಡೆಗೆ ತಿರುಗಿಸಿ ನೀರೇ ತನ್ನ ಹಾದಿಯನ್ನು ಕೊರೆದುಕೊಳ್ಳುವಂತೆ ಮಾಡುತ್ತದೆ. ಪ್ರಾಧಿಕಾರವೂ ಇದನ್ನು ಬಳಸುತ್ತ ಬಂದಿದೆ. ನದಿಯ ಸ್ವಭಾವವನ್ನು ಒಪ್ಪಿಕೊಂಡು ನಡೆಯುವ ಈ ಬಗೆಯ ಉಪಾಯಗಳಿಗೆ ದೊಡ್ಡ ಯಂತ್ರಗಳಿಗೆ ದೊರೆತಷ್ಟು ಅಧ್ಯಯನದ ಗಮನ ದೊರೆಯದಿರುವುದು ವಿಷಾದದ ಸಂಗತಿ.

ಸರಕೇ ಮೊದಲೆಂಬ ನೆಲೆ

ಎರಡನೆಯ ನೆಲೆ ಸಾರಿಗೆ ಅರ್ಥಶಾಸ್ತ್ರದವರದು. ಅವರ ಪ್ರಕಾರ ಆಳವಿದ್ದ ಮಾತ್ರಕ್ಕೆ ಸರಕು ಬಾರದು. ಸರಕು ಹುಟ್ಟುವ ಜಾಗ, ಅದು ತಲುಪಬೇಕಾದ ಜಾಗ ಎರಡೂ ನೀರಿನ ಅಂಚಿನಲ್ಲಿದ್ದಾಗ ಮಾತ್ರ ಜಲಸಾರಿಗೆ ಗೆಲ್ಲುತ್ತದೆ. ಸರ್ಕಾರಿ ದಾಖಲೆಗಳಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುವ 2014ರ ರೈಟ್ಸ್ ಸಂಸ್ಥೆಯ ಅಂದಾಜಿನಂತೆ, ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಸಾಗಿಸಲು ರಸ್ತೆಯಲ್ಲಿ 2.50 ರೂಪಾಯಿ, ರೈಲಿನಲ್ಲಿ 1.36, ನೀರಿನಲ್ಲಿ 1.06 ಬೀಳುತ್ತದೆ. ಜಲಸಾರಿಗೆಯ ಪರವಾದವರು ಈ ಅಂಕಿಗಳಲ್ಲಿ ರಸ್ತೆ ಮತ್ತು ನೀರಿನ ಅಂತರವನ್ನು ನೋಡುತ್ತಾರೆ. ಅರ್ಥಶಾಸ್ತ್ರಜ್ಞರು ರೈಲು ಮತ್ತು ನೀರಿನ ನಡುವಿನ 30 ಪೈಸೆಯನ್ನು ನೋಡುತ್ತಾರೆ. ಧಕ್ಕೆಯಿಂದ ಕಾರ್ಖಾನೆಗೆ ಲಾರಿ ಬೇಕಾದರೆ, ಎರಡೂ ತುದಿಗಳಲ್ಲಿ ಏರಿಸಿ ಇಳಿಸುವ ಕೂಲಿ ಸೇರಿದರೆ, ಹಿಂತಿರುಗುವಾಗ ಹಡಗು ಖಾಲಿ ಬಂದರೆ, ಆ 30 ಪೈಸೆ ಕೆಲವೇ ನೂರು ಕಿಲೋಮೀಟರ್‌ಗಳಲ್ಲಿ ಕರಗಿಹೋಗುತ್ತದೆ. ಗಂಗೆಯ ಬಯಲಿನ ಉದ್ದಿಮೆಗಳು ಒಂದೂವರೆ ಶತಮಾನದಿಂದ ರೈಲು ನಿಲ್ದಾಣಗಳ ಸುತ್ತ ಬೆಳೆದಿರುವುದರಿಂದ, ನದಿಯ ಪಕ್ಕದ ಊರೂ ಸಾರಿಗೆಯ ದೃಷ್ಟಿಯಲ್ಲಿ ನದಿಯಿಂದ ದೂರವೇ ಇದೆ.

ಈ ನೆಲೆಗೆ ಬಲವಾದ ಆಧಾರ ಒದಗಿಸುವುದು ಗೋವಾ. ಅಲ್ಲಿ ಮಾಂಡೋವಿ, ಜುವಾರಿ ನದಿಗಳಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ಬಾರ್ಜ್‌ಗಳಲ್ಲಿ ಸಾಗಿ ಮರ್ಮಗೋವಾ ಬಂದರಿಗೆ ತಲುಪುತ್ತಿತ್ತು. ಗಣಿಗಳು ನದಿಯ ಧಕ್ಕೆಗಳಿಗೆ ಸಮೀಪದಲ್ಲಿದ್ದವು, ಬಂದರು ಅಳಿವೆಯಲ್ಲಿಯೇ ಇತ್ತು, ಭರತ ಇಳಿತಗಳು ಆಳವನ್ನು ಪುಕ್ಕಟೆಯಾಗಿ ಕೊಡುತ್ತಿದ್ದವು. ರಾಷ್ಟ್ರೀಯ ಜಲಮಾರ್ಗವೆಂಬ ಘೋಷಣೆಗೂ ಎಷ್ಟೋ ಮೊದಲೇ, ಅದಿರಿನ ಬಲದಿಂದಲೇ ದೇಶದ ಅತಿ ದಟ್ಟ ಒಳನಾಡು ಸಾಗಣೆಗಳಲ್ಲಿ ಒಂದು ಅಲ್ಲಿ ಬೆಳೆಯಿತು. 2012ರಲ್ಲಿ ಗಣಿಗಾರಿಕೆ ನಿಂತಾಗ ನದಿ, ಆಳ, ದೋಣಿ ಎಲ್ಲವೂ ಇದ್ದೂ ಬಾರ್ಜ್‌ಗಳು ಲಂಗರು ಹಾಕಿ ಕುಳಿತವು. ಮಹಾರಾಷ್ಟ್ರದ ಅಂಬಾ ನದಿಯ ಧರಮತರ ಖಾರಿಯಲ್ಲಿಯೂ ದಂಡೆಯ ಉಕ್ಕಿನ ಕಾರ್ಖಾನೆಗೆ ಬೇಕಾದ ಕಚ್ಚಾ ಸಾಮಗ್ರಿಯೇ ಸಾಗಣೆಯ ಜೀವಾಳ.

ಸರ್ಕಾರದ ಅಂಕಿಗಳನ್ನು ಓದುವಾಗ ಈ ತಿಳಿವಳಿಕೆ ಬೇಕಾಗುತ್ತದೆ. ರಾಷ್ಟ್ರೀಯ ಜಲಮಾರ್ಗಗಳ ಸರಕು 2013–14ರಲ್ಲಿ 1.8 ಕೋಟಿ ಟನ್ ಇದ್ದದ್ದು 2023–24ಕ್ಕೆ 13.3 ಕೋಟಿ ಟನ್‌ಗೆ ಏರಿತು. ಏರಿಕೆ ನಿಜ. ಆದರೆ 2016ರ ಘೋಷಣೆಯೊಂದಿಗೆ ಪಶ್ಚಿಮ ಕರಾವಳಿಯ ಭರತದ ನದಿಗಳಲ್ಲಿ ಮೊದಲಿನಿಂದಲೇ ಇದ್ದ ಸಾಗಣೆಯೂ ಈ ಲೆಕ್ಕದೊಳಗೆ ಬಂತು. ಮೇಲಾಗಿ ಟನ್ ಒಂದೇ ಅಳತೆಯಲ್ಲ. ಖಾರಿಯೊಳಗೆ ಕೆಲವೇ ಕಿಲೋಮೀಟರ್ ಸಾಗಿದ ಟನ್ನೂ ವಾರಾಣಸಿಯಿಂದ ಹಲ್ದಿಯಾಕ್ಕೆ ಸಾಗಿದ ಟನ್ನೂ ಈ ಲೆಕ್ಕದಲ್ಲಿ ಸಮಾನವಾಗುತ್ತವೆ. ರಸ್ತೆಯ ಹೊರೆ ಎಷ್ಟು ತಗ್ಗಿತು ಎಂದು ತಿಳಿಯಬೇಕಾದರೆ ಭಾರವನ್ನು ದೂರದಿಂದ ಗುಣಿಸಿದ ಟನ್–ಕಿಲೋಮೀಟರ್ ಲೆಕ್ಕವೇ ಬೇಕು.

2024ರ ಡಿಸೆಂಬರ್‌ನಲ್ಲಿ ಆರಂಭವಾದ ಜಲವಾಹಕ ಯೋಜನೆ, ಗಂಗೆ, ಬ್ರಹ್ಮಪುತ್ರ, ಬರಾಕ್ ಮಾರ್ಗಗಳಲ್ಲಿ 300 ಕಿಲೋಮೀಟರಿಗೂ ದೂರ ಸರಕು ಸಾಗಿಸುವವರಿಗೆ ನಿರ್ವಹಣಾ ವೆಚ್ಚದ ಶೇಕಡಾ 35ರವರೆಗೆ ಮರುಪಾವತಿ ನೀಡುತ್ತದೆ. ಆಳಕ್ಕೂ ಧಕ್ಕೆಗಳಿಗೂ ಸಾವಿರಾರು ಕೋಟಿ ತೊಡಗಿಸಿದ ಮೇಲೆಯೂ ಸರಕಿಗೆ ಹೀಗೆ ಆಹ್ವಾನ ನೀಡಬೇಕಾಗಿ ಬಂದದ್ದು, ಎರಡನೆಯ ನೆಲೆಯವರ ಎಚ್ಚರಿಕೆಯನ್ನು ಮೊದಲನೆಯ ನೆಲೆಯವರೂ ಒಪ್ಪಿಕೊಂಡಂತೆ ಎಂದು ಭಾವಿಸಲು ಅವಕಾಶವಿದೆ. ಆದರೂ ಅರ್ಥಶಾಸ್ತ್ರಜ್ಞರ ವಾದಕ್ಕೂ ಒಂದು ಮಿತಿಯಿದೆ. ಇಂದಿನ ಸರಕು ಎಲ್ಲಿದೆ ಎಂಬುದನ್ನಷ್ಟೇ ಆಧರಿಸಿದರೆ ಸರಕು ಸದಾ ಹಳೆಯ ಹಾದಿಗಳಲ್ಲಿಯೇ ಇರುತ್ತದೆ. ಭರವಸೆಯ ಜಲಹಾದಿಯೊಂದು 20 ವರ್ಷ ನಿಂತರೆ ಉದ್ದಿಮೆಗಳು ಅದರ ಬದಿಗೆ ಸರಿಯುತ್ತವೆಯೇ ಎಂಬುದನ್ನು ಆ ಲೆಕ್ಕ ಹೇಳಲಾರದು.

ದಾಟುವವರ ನೆಲೆ

ಮೂರನೆಯ ಗುಂಪಿನ ಚಿಂತಕರು ಉದ್ದುದ್ದ ಸಾಗುವ ಸರಕಿನಿಂದ ಕಣ್ಣು ತೆಗೆದು, ನದಿಯನ್ನು ಅಡ್ಡಡ್ಡ ದಾಟುವ ಜನರನ್ನು ನೋಡಲು ಕೇಳುತ್ತಾರೆ. ಶಾಲೆ, ಆಸ್ಪತ್ರೆ, ಸಂತೆಗಳಿಗೆ ದೋಣಿಯನ್ನೇ ನಂಬಿದ ಜನರ ಪ್ರಯಾಣ ಟನ್ನುಗಳ ಲೆಕ್ಕದಲ್ಲಿ ಕಾಣದು. 2021ರ ಸೆಪ್ಟೆಂಬರ್‌ನಲ್ಲಿ ಅಸ್ಸಾಮಿನ ನಿಮಾತಿ ಘಾಟಿನ ಬಳಿ ಮಾಜುಲಿ ದ್ವೀಪದ ದಾರಿಯಲ್ಲಿ ಎರಡು ದೋಣಿಗಳು ಡಿಕ್ಕಿಯಾದ ದುರಂತದ ನಂತರವೇ ಒಂಟಿ ಎಂಜಿನ್ನಿನ ಮರದ ದೋಣಿಗಳ ಸುರಕ್ಷತೆ ದೊಡ್ಡ ಚರ್ಚೆಗೆ ಬಂತು. ಅದೇ ವರ್ಷ ಸಂಸತ್ತು 1917ರ ಹಳೆಯ ಕಾನೂನಿನ ಜಾಗಕ್ಕೆ ಹೊಸ ಒಳನಾಡು ನಾವೆಗಳ ಕಾಯ್ದೆಯನ್ನು ತಂದಿತು.

ಬಾಂಗ್ಲಾದೇಶದ ಅನುಭವ ಇಲ್ಲಿ ಅರ್ಥಪೂರ್ಣವಾದದ್ದು. ಯೋಜಕರು ದೊಡ್ಡ ಹಡಗುಗಳ ಬಗ್ಗೆ ಯೋಚಿಸುತ್ತಿದ್ದ 1980ರ ದಶಕದಲ್ಲಿ ಅಲ್ಲಿನ ದೋಣಿಕಾರರು ನೀರಾವರಿ ಪಂಪುಗಳ ಸಣ್ಣ ಡೀಸೆಲ್ ಎಂಜಿನ್‌ಗಳನ್ನು ತಮ್ಮ ನಾಡದೋಣಿಗಳಿಗೆ ಕೂರಿಸಿಕೊಂಡು, ಯಾವ ಯೋಜನೆಯೂ ಊಹಿಸದ ಪ್ರಮಾಣದಲ್ಲಿ ಜಲಸಾರಿಗೆಯನ್ನು ಯಂತ್ರೀಕರಿಸಿದರು. ಆಳವಿಲ್ಲದ ಕವಲುಗಳಿಗೂ ನುಗ್ಗಬಲ್ಲ ಆ ದೋಣಿಗಳು ನದಿಗೆ ತಕ್ಕ ನಾವೆ ಎಂಬ ತತ್ತ್ವಕ್ಕೆ ಜೀವಂತ ನಿದರ್ಶನ. ನಗರದ ಮಟ್ಟದಲ್ಲಿ 2023ರ ಏಪ್ರಿಲ್‌ನಲ್ಲಿ ಕೊಚ್ಚಿಯಲ್ಲಿ ಆರಂಭವಾದ ವಾಟರ್ ಮೆಟ್ರೋ ಬ್ಯಾಟರಿ ಚಾಲಿತ ದೋಣಿಗಳಿಂದ ದ್ವೀಪಗಳನ್ನು ನಗರಕ್ಕೆ ಜೋಡಿಸುವ ಯೋಜನೆ; ಮಂಗಳೂರಿನ ನೇತ್ರಾವತಿ, ಗುರುಪುರ ನದಿಗಳಿಗೂ ಅಂಥದೇ ಪ್ರಸ್ತಾಪವಿದೆ.

ಆದರೆ ಸೇತುವೆ ಬಂದಲ್ಲಿ ದೋಣಿ ಹಿಂದೆ ಸರಿಯುತ್ತದೆ. 2022ರ ಜೂನ್‌ನಲ್ಲಿ ಪದ್ಮಾ ಸೇತುವೆ ತೆರೆದ ಮೇಲೆ ಢಾಕಾ–ಬರಿಶಾಲ್ ಲಾಂಚುಗಳ ಪ್ರಯಾಣಿಕರು ಇಳಿಮುಖವಾದರು. ಲಿಂಗನಮಕ್ಕಿಯ ಹಿನ್ನೀರಿನಿಂದ ದ್ವೀಪದಂತಾದ ಊರುಗಳ ಜನ ಸಾಗರ ಪೇಟೆಗೂ ಆಸ್ಪತ್ರೆಗೂ ದಶಕಗಳ ಕಾಲ ಲಾಂಚನ್ನೇ ಕಾದರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ ಅವರು ಪಟ್ಟ ಸಂತೋಷವನ್ನು ಜಲಸಾರಿಗೆಯ ಯಾವ ಅಭಿಮಾನಿಯೂ ಕಡೆಗಣಿಸಲಾಗದು. ರಾತ್ರಿ ಹೊತ್ತು ರೋಗಿಯನ್ನು ದಾಟಿಸಲಾಗದ ದೋಣಿಗಿಂತ ಸೇತುವೆ ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಬ್ರಹ್ಮಪುತ್ರದಂಥ ನದಿಯಲ್ಲಿ ಎಲ್ಲ ಕಡವುಗಳಿಗೂ ಸೇತುವೆ ಕಟ್ಟಲಾಗದು ಎಂಬುದೂ ಅಷ್ಟೇ ನಿಜ.

ಹರಿವಿನ ಮತ್ತು ಮೀನುಗಾರರ ನೆಲೆ

ನದಿಯನ್ನು ಸಾರಿಗೆಯ ಹಾದಿಯೆಂದು ನೋಡುವ ಮೊದಲು ಅದು ಜೀವಿಗಳ ನೆಲೆ, ಜನರ ಜೀವನೋಪಾಯ ಎಂದು ನೋಡಬೇಕೆನ್ನುವವರದು ನಾಲ್ಕನೆಯ ನೆಲೆ. 2009ರಲ್ಲಿ ರಾಷ್ಟ್ರೀಯ ಜಲಚರವೆಂದು ಘೋಷಿತವಾದ ಗಂಗಾ ಡಾಲ್ಫಿನ್‌ಗೆ ಕಣ್ಣು ಬಹುತೇಕ ಕಾಣದು. ಅದು ಶಬ್ದ ಹೊರಡಿಸಿ ಮರುದನಿಯಿಂದ ಬೇಟೆಯನ್ನೂ ದಾರಿಯನ್ನೂ ಗುರುತಿಸುತ್ತದೆ. ಹಡಗಿನ ಎಂಜಿನ್ನು ಮತ್ತು ಹೂಳೆತ್ತುವ ಯಂತ್ರಗಳ ಸದ್ದು ಈ ಗುರುತಿಸುವಿಕೆಗೆ ಅಡ್ಡಿಯಾಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಡಾಲ್ಫಿನ್‌ಗಳು ಸೇರುವ ಆಳದ ಮಡುಗಳ ಮೂಲಕವೇ ಹಡಗುಹಾದಿಯೂ ಹಾಯಬೇಕಾಗುವುದರಿಂದ ಘರ್ಷಣೆ ಕಟ್ಟಕಡೆಗೆ ಒಂದೇ ಜಾಗದ ಮೇಲೆ ನಡೆಯುತ್ತದೆ. ಈ ಪ್ರಾಣಿಗಾಗಿಯೇ ಮೀಸಲಾದ ವಿಕ್ರಮಶಿಲಾ ಅಭಯಧಾಮ ಬಿಹಾರದ ಸುಲ್ತಾನ್‌ಗಂಜ್‌ನಿಂದ ಕಹಲ್‌ಗಾಂವ್‌ವರೆಗೆ ಹಬ್ಬಿದೆ, ಮತ್ತು 1 ಸಂಖ್ಯೆಯ ಜಲಮಾರ್ಗ ಅದರ ನಡುವೆಯೇ ಹಾದುಹೋಗುತ್ತದೆ.

ಅದೇ ಕಹಲ್‌ಗಾಂವ್‌ನಲ್ಲಿ 1982ರಲ್ಲಿ ಗಂಗಾ ಮುಕ್ತಿ ಆಂದೋಲನ ಹುಟ್ಟಿತು. ನದಿಯ ಮೀನಿನ ಮೇಲೆ ವಂಶಪಾರಂಪರ್ಯ ಹಕ್ಕು ಸಾಧಿಸುತ್ತಿದ್ದ ಜಲಜಮೀನ್ದಾರಿಯ ವಿರುದ್ಧ ಸುಮಾರು ಒಂದು ದಶಕ ಹೋರಾಡಿದ ಮೀನುಗಾರರು ಅದನ್ನು ಕೊನೆಗಾಣಿಸಿದರು. ಅಂಥ ಜನರ ದೃಷ್ಟಿಯಲ್ಲಿ ಹಡಗುಹಾದಿ ಎಂದರೆ ಬಲೆ ಹರಿಯುವ, ಬಲೆ ಬೀಸಲು ಜಾಗವೇ ಇಲ್ಲದಂತಾಗುವ ಭಯ. ಕಲ್ಕತ್ತಾ ಬಂದರಿನ ಹೂಳನ್ನು ತೊಳೆಯಲೆಂದು 1975ರಲ್ಲಿ ಕಾರ್ಯಾರಂಭಿಸಿದ ಫರಕ್ಕಾ ಬ್ಯಾರೇಜು ಹಿಲ್ಸಾ ಮೀನಿನ ಮೇಲ್ಮುಖ ವಲಸೆಯನ್ನು ತಡೆದದ್ದನ್ನು ಅವರು ಕಂಡಿದ್ದಾರೆ. ನೌಕಾಸಂಚಾರದ ಹೆಸರಿನಲ್ಲಿ ನಡೆದ ಕಾಮಗಾರಿಯ ಬೆಲೆಯನ್ನು ಒಮ್ಮೆ ತೆತ್ತ ಜನ ಎರಡನೆಯದನ್ನು ಅನುಮಾನದಿಂದ ನೋಡುವುದು ಸಹಜ, ನ್ಯಾಯವೂ ಹೌದು. ಜಲಸಾರಿಗೆ ಕಡಿಮೆ ಇಂಧನದಿಂದ ಹೆಚ್ಚು ಭಾರ ಸಾಗಿಸುವುದರಿಂದ ಪರಿಸರಸ್ನೇಹಿ ಎಂಬ ವಾದ ವಾಯುಮಂಡಲದ ಮಟ್ಟಿಗೆ ಸರಿ. ನದಿಯ ಮಟ್ಟಿಗೆ ಅದನ್ನು ಪ್ರತಿ ನದಿಯಲ್ಲಿಯೂ ಬೇರೆಯಾಗಿ ಸಾಬೀತುಪಡಿಸಬೇಕಾಗುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು ನೀರಿನ ಹಂಚಿಕೆ. ಸಂವಿಧಾನದ ಏಳನೆಯ ಅನುಸೂಚಿಯಂತೆ ರಾಷ್ಟ್ರೀಯ ಜಲಮಾರ್ಗಗಳಲ್ಲಿ ಯಂತ್ರಚಾಲಿತ ನಾವೆಗಳ ಸಂಚಾರ ಕೇಂದ್ರದ ಪಟ್ಟಿಯಲ್ಲಿದೆ, ನೀರಾವರಿ ಮತ್ತು ಕಾಲುವೆಗಳು ರಾಜ್ಯದ ಪಟ್ಟಿಯಲ್ಲಿವೆ. ಮಾರ್ಚ್ ಏಪ್ರಿಲ್‌ಗಳಲ್ಲಿ ಮೇಲ್ದಂಡೆಯ ರಾಜ್ಯ ಬೆಳೆಗೆ ನೀರು ತಿರುಗಿಸಿಕೊಂಡು ಕೆಳಗೆ ಆಳ ಇಳಿದರೆ, ಹಡಗಿಗೆ ಇಂತಿಷ್ಟು ಹರಿವು ಉಳಿಯಲೇಬೇಕೆಂದು ಹೇಳುವ ಸ್ಪಷ್ಟ ನಿಯಮ ರೂಪುಗೊಂಡಿಲ್ಲ. ಫರಕ್ಕಾದಲ್ಲಿ ಬೇಸಿಗೆಯ ಹರಿವನ್ನು ಭಾರತ ಮತ್ತು ಬಾಂಗ್ಲಾದೇಶ ಹಂಚಿಕೊಳ್ಳುವ 1996ರ ಒಪ್ಪಂದದ 30 ವರ್ಷದ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಅದರ ಮುಂದಿನ ರೂಪ ಗಂಗೆಯ ಕೆಳಭಾಗದ ಆಳವನ್ನೂ ತಟ್ಟದಿರದು.

ಎರಡನೆಯದು ಪಟ್ಟಿಯ ಗತಿ. 111ರಲ್ಲಿ ಹೆಚ್ಚುಕಡಿಮೆ ಕಾಲುಭಾಗದಷ್ಟು ಮಾತ್ರ ಕಾರ್ಯಸಾಧ್ಯವೆಂದು ಪ್ರಾಧಿಕಾರದ ಅಧ್ಯಯನಗಳೇ ಕಂಡುಕೊಂಡಿವೆ. ಅಧ್ಯಯನಕ್ಕೆ ಮೊದಲೇ ಘೋಷಣೆ ನಡೆದದ್ದು ಕ್ರಮ ತಲೆಕೆಳಗಾದ ಯೋಜನೆ ಎಂದು ಹೇಳದೆ ವಿಧಿಯಿಲ್ಲ. ಉಳಿದ ನದಿಗಳನ್ನು ಪಟ್ಟಿಯಿಂದ ಕೈಬಿಡಬೇಕೆ, ಸಣ್ಣ ದೋಣಿಗಳ ಮತ್ತು ಪ್ರವಾಸದ ಉಪಯೋಗಕ್ಕೆ ಬೇರೆ ವರ್ಗ ಮಾಡಬೇಕೆ ಎಂಬುದು ನಿರ್ಧಾರವಾಗಿಲ್ಲ. ಗಂಗೆಯಲ್ಲಿ ದೊಡ್ಡ ಧಕ್ಕೆಗಳ ನಂತರ ಹಳ್ಳಿಗಳ ಬಳಿ ಸಣ್ಣ ಸಮುದಾಯ ಜೆಟ್ಟಿಗಳನ್ನು ಇರಿಸತೊಡಗಿರುವುದು ಮೂರನೆಯ ನೆಲೆಯತ್ತ ತಿರುಗಿದ ಹೆಜ್ಜೆಯಂತೆ ತೋರುತ್ತದೆ, ಆದರೆ ಅವು ರೈತನ ತರಕಾರಿಗೂ ದಾಟುವವರಿಗೂ ನಿತ್ಯೋಪಯೋಗಿಯಾಗಲು ದೋಣಿಗಳ ಸಂಖ್ಯೆ, ವೇಳಾಪಟ್ಟಿ, ಬಾಡಿಗೆಗಳನ್ನು ನಿಗದಿಮಾಡುವ ಹೊಣೆ ಯಾರದು ಎಂಬುದು ಸ್ಪಷ್ಟವಿಲ್ಲ.

ಮೂರನೆಯದು ನಾವೆಯ ಅಳತೆ. 3 ಮೀಟರ್ ಆಳ ಬೇಡುವ 2,000 ಟನ್ನಿನ ಹಡಗಿಗಾಗಿ ನದಿಯನ್ನು ವರ್ಷ ವರ್ಷವೂ ತೋಡುವುದಕ್ಕೂ, ಒಂದೂವರೆ ಮೀಟರಿನಲ್ಲಿ ತೇಲುವ ಕೆಲವು ನೂರು ಟನ್ನಿನ ನಾವೆಗಳನ್ನು ಹೆಚ್ಚು ಸಂಖ್ಯೆಯಲ್ಲಿ ಓಡಿಸುವುದಕ್ಕೂ ಇರುವ ಒಟ್ಟು ವೆಚ್ಚದ ವ್ಯತ್ಯಾಸವನ್ನು ಹೂಳೆತ್ತುವಿಕೆ, ಮೀನುಗಾರರ ನಷ್ಟ, ಡಾಲ್ಫಿನ್ ನೆಲೆಯ ಹಾನಿಗಳನ್ನೂ ಕೂಡಿಸಿ ಲೆಕ್ಕಹಾಕುವ ಕೆಲಸ ಯೋಜನೆಯ ಕೇಂದ್ರಕ್ಕೆ ಬರಬೇಕಾಗಿದೆ. ಸಣ್ಣ ನಾವೆಗೆ ಟನ್ನಿಗೆ ಸಿಬ್ಬಂದಿ ವೆಚ್ಚ ಹೆಚ್ಚು, ದೊಡ್ಡದಕ್ಕೆ ನದಿಯ ವೆಚ್ಚ ಹೆಚ್ಚು. ಎರಡರ ತಕ್ಕಡಿ ಸಮವಾಗುವ ಬಿಂದು ಗಂಗೆಯಲ್ಲಿ ಎಲ್ಲಿದೆ, ಬ್ರಹ್ಮಪುತ್ರದಲ್ಲಿ ಎಲ್ಲಿದೆ, ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಎಲ್ಲಿದೆ ಎಂಬುದಕ್ಕೆ ಒಂದೇ ಉತ್ತರವಿರಲಾರದು, ಮತ್ತು ಒಂದೊಂದು ನದಿಗೂ ಅದರದೇ ಉತ್ತರವನ್ನು ಹುಡುಕುವ ಅಧಿಕಾರವೂ ಹಣವೂ ಕೇಂದ್ರದ ಪ್ರಾಧಿಕಾರದಲ್ಲಿರಬೇಕೋ ಆಯಾ ರಾಜ್ಯದ, ಜಲಾನಯನದ ಸಂಸ್ಥೆಗಳಲ್ಲಿರಬೇಕೋ ಎಂಬ ವಾದವೂ ಇತ್ಯರ್ಥವಾಗದೆ ಉಳಿದಿದೆ.